ಬಾಯಿಂದ ಮದ್ದು ತುಂಬುವ ಕೋವಿಯ ಕೊನೆಯ ಹಂತ: ಮರ ಹೆರೆಯುವುದರಿಂದ ಕೊನೆಯ ಎಣ್ಣೆಯವರೆಗೆ

ನಳಿಗೆ ಮರದೊಳಗೆ ಕೂತಿದೆ. ಲಾಕ್, ಅಂದರೆ ಚಕಮಕಿಯಿಂದ ಕಿಡಿ ಎಬ್ಬಿಸುವ ಯಂತ್ರ, ತನ್ನ ಗೂಡಿಗೆ ಇಳಿದಿದೆ. ಹಿತ್ತಾಳೆಯ ಬಟ್‌ಪ್ಲೇಟ್ (ಕೋವಿಯ ಬುಡಕ್ಕೆ ಹೊದಿಸುವ ತಗಡು), ಟ್ರಿಗರ್ ಗಾರ್ಡ್, ಗಜಕೋಲಿನ (ಗುಂಡನ್ನು ನಳಿಗೆಯೊಳಗೆ ತಳ್ಳುವ ಕೋಲಿನ) ಬಳೆಗಳು ಎಲ್ಲವೂ ಜಾಗಕ್ಕೆ ಬಂದಿವೆ. ಮರಕ್ಕೆ ಇನ್ನೂ ಬಣ್ಣವಿಲ್ಲ, ಲೋಹಕ್ಕೆ ಹೊಳಪಿಲ್ಲ. ಪೆನ್ಸಿಲ್ವೇನಿಯಾ ಲಾಂಗ್‌ರೈಫಲ್ (ಅಮೆರಿಕದ ಹದಿನೆಂಟನೇ ಶತಮಾನದ ಉದ್ದ ನಳಿಗೆಯ ಕೋವಿ) ಕಟ್ಟುವ ವಿದ್ಯಾರ್ಥಿಗಳು ‘ಇನ್ನೇನು ಮುಗಿಯಿತು’ ಎಂದು ಅವಸರಕ್ಕೆ ಬೀಳುವುದು ಇದೇ ಹಂತದಲ್ಲಿ. ಕೋವಿಯ ಅಂದ ತೀರ್ಮಾನವಾಗುವುದೂ ಇಲ್ಲೇ. ಬಣ್ಣ ಹಚ್ಚಿದರೆ ತಪ್ಪು ಮುಚ್ಚಿಹೋಗುತ್ತದೆ ಎಂಬ ನಂಬಿಕೆ ಈ ಕೆಲಸದಲ್ಲಿ ತಲೆಕೆಳಗು. ಮರದ ಮೇಲೆ ಉಳಿದ ಅರದ ಒಂದೊಂದು ಗೀರನ್ನೂ ಆಮ್ಲದ ಬಣ್ಣ ಎತ್ತಿ ತೋರಿಸುತ್ತದೆ. ಹಾಗಾಗಿ ಬಣ್ಣದ ಸೀಸೆಯ ಮುಚ್ಚಳ ತೆಗೆಯುವ ಮೊದಲಿನ ಕೆಲಸಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಈ ಬರಹ ಮರ ಮತ್ತು ಲೋಹದ ಮುಗಿತಾಯಕ್ಕೆ ಸಂಬಂಧಿಸಿದ್ದು. ನಳಿಗೆಯ ಬುಡ ಮುಚ್ಚುವುದು, ಕಿಡಿರಂಧ್ರ ಕೊರೆಯುವುದು, ಲಾಕಿನ ಒಳಭಾಗ ಹೊಂದಿಸುವುದು ಇಲ್ಲಿಲ್ಲ. ಅವು ಅನುಭವಿ ಗುರುವಿನ ಕಣ್ಣೆದುರಿನಲ್ಲೇ ಆಗಬೇಕಾದ ಕೆಲಸಗಳು, ಈ ಹಂತಕ್ಕೆ ಬರುವಷ್ಟರಲ್ಲಿ ಮುಗಿದಿರಬೇಕು. ಅಮೆರಿಕದಲ್ಲಿ ಇಂಥ ಕಲಿಕೆಗೆ ಒಳ್ಳೆಯ ನೆಲೆಗಳಿವೆ: 1933ರಲ್ಲಿ ಹುಟ್ಟಿದ ನ್ಯಾಷನಲ್ ಮಝಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಬೌಲಿಂಗ್ ಗ್ರೀನ್ ಊರಿನ ವೆಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಕಮ್ಮಟಗಳನ್ನು ನಡೆಸಿದೆ. ವರ್ಜೀನಿಯಾದ ಕೊಲೋನಿಯಲ್ ವಿಲಿಯಮ್ಸ್‌ಬರ್ಗ್‌ನ ಕೋವಿ ಕಮ್ಮಟದಲ್ಲಿ ಹದಿನೆಂಟನೇ ಶತಮಾನದ ಉಪಕರಣಗಳಿಂದಲೇ ಕೆಲಸ ಮಾಡುತ್ತಾರೆ. ಅಲ್ಲಿನ 1968ರ ಕೇಂದ್ರ ಕಾನೂನು ಈ ಬಗೆಯ ಕೋವಿಗಳನ್ನು ಬಹುಮಟ್ಟಿಗೆ ಪುರಾತನ ಆಯುಧಗಳ ಸಾಲಿಗೆ ಸೇರಿಸುತ್ತದೆ. ಆದರೆ ರಾಜ್ಯಗಳ ಕಾನೂನು ಬೇರೆ ಬೇರೆ, ಅದನ್ನು ಮೊದಲೇ ತಿಳಿದುಕೊಂಡಿರಬೇಕು.

ಇನ್ನೂ ಉಳಿದಿರುವ ಮರ

ಮೊದಲ ಕೋವಿ ಕಟ್ಟುವವರ ಸ್ಟಾಕ್ (ಕೋವಿಯ ಮರದ ಭಾಗ) ಹೆಚ್ಚುಕಮ್ಮಿ ಯಾವಾಗಲೂ ದಪ್ಪ. ಗಜಕೋಲಿನ ದಾರಿ ತೂತಾದೀತೆಂಬ ಭಯಕ್ಕೆ ವಿದ್ಯಾರ್ಥಿ ಹೆರೆಯುವುದನ್ನು ಬೇಗ ನಿಲ್ಲಿಸುತ್ತಾನೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಪ್ರದೇಶದ ಹಳೆಯ ಕೋವಿಯನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ಅದು ನೋಡಲು ಉದ್ದವೇ ಹೊರತು ಎಲ್ಲೂ ಬೊಜ್ಜಿಲ್ಲ.

ನಳಿಗೆಯ ಎರಡೂ ಬದಿಯ ಮರದ ಗೋಡೆಯನ್ನು ಮೊದಲು ನೋಡಿ. ಎಂಟುಮೂಲೆಯ ನಳಿಗೆಯ ಪಕ್ಕದ ಮುಖದ ಸುಮಾರು ಅರ್ಧ ಎತ್ತರಕ್ಕೆ ಮರ ಬಂದು ನಿಲ್ಲಬೇಕು. ಮೇಲಂಚಿನಲ್ಲಿ ಅದರ ದಪ್ಪ ಸುಮಾರು 2 ಮಿಲಿಮೀಟರ್ ಇದ್ದರೆ ಸಾಕು. 4 ಮಿಲಿಮೀಟರ್ ಉಳಿದಿದ್ದರೆ ಕೋವಿ ಒನಕೆಯ ಹಾಗೆ ಕಾಣುತ್ತದೆ. ಅಡಿಯಲ್ಲಿ ಗಜಕೋಲಿನ ತೆರೆದ ಕಾಲುವೆ ಕೋಲಿನ ಅರ್ಧ ದಪ್ಪವನ್ನಷ್ಟೇ ಹಿಡಿದಿರಬೇಕು, ಉಳಿದರ್ಧ ಹೊರಗೆ ಕಾಣಬೇಕು. ನಳಿಗೆಯ ಕಾಲುವೆಗೂ ಗಜಕೋಲಿನ ದಾರಿಗೂ ನಡುವಿನ ಮರ 3 ಮಿಲಿಮೀಟರ್ ಆಸುಪಾಸಿನದು. ಅದು ಎಷ್ಟಿದೆ ಎಂದು ಅಳೆದು ಬರೆದಿಟ್ಟುಕೊಂಡವನಿಗೆ ಹೆರೆಯುವಾಗ ಭಯ ಇರುವುದಿಲ್ಲ. ಅಳೆಯದವನು ಊಹೆಯ ಮೇಲೆ ನಿಲ್ಲಿಸುತ್ತಾನೆ, ಇಲ್ಲವೇ ತೂತು ಮಾಡುತ್ತಾನೆ.

ಲಾಕಿನ ಸುತ್ತಲಿನ ಚಪ್ಪಟೆ ಅಂಚು ಮತ್ತೊಂದು ಕಡೆ. ತಗಡಿನ ಸುತ್ತ 3 ಮಿಲಿಮೀಟರಿನಷ್ಟು ಸಮನಾದ ಅಂಚು ಉಳಿದರೆ ಲಾಕ್ ಮರದಿಂದ ಎದ್ದು ಬಂದ ಹಾಗೆ ಚುರುಕಾಗಿ ಕಾಣುತ್ತದೆ. ಒಂದು ಕಡೆ 3, ಇನ್ನೊಂದು ಕಡೆ 6 ಆದರೆ ಎಷ್ಟು ಚೆನ್ನಾಗಿ ಕೆತ್ತಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಎದುರು ಬದಿಯ ಅಂಚೂ ಅದೇ ಆಕಾರದಲ್ಲಿ, ಅದೇ ಎತ್ತರದಲ್ಲಿ ಇರಲಿ. ಲಾಕಿನ ಹಿಂದೆ ಮರ ಕೈ ಹಿಡಿಯುವ ಮಣಿಕಟ್ಟಿಗೆ ಇಳಿಯುವ ಜಾಗದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಒಂದು ಗಡ್ಡೆ ಬಿಟ್ಟಿರುತ್ತಾರೆ. ಅದನ್ನು ಕಣ್ಣಿಗಿಂತ ಮೊದಲು ಹೆಬ್ಬೆರಳು ಕಂಡುಹಿಡಿಯುತ್ತದೆ.

ಬುಡದ ಭಾಗದಲ್ಲಿ ಆಯಾ ಪ್ರದೇಶದ ಕಮ್ಮಾರರ ಪಂಥಕ್ಕೆ ತಕ್ಕ ಗೆರೆ ಇರಬೇಕು. ಲ್ಯಾಂಕಾಸ್ಟರ್ ಕೋವಿಯಾದರೆ ಬೆನ್ನಿನ ಗೆರೆಯೂ ಅಡಿಯ ಗೆರೆಯೂ ನೇರ, ಎರಡೂ ಸೇರಿ ಉದ್ದನೆಯ ತ್ರಿಕೋನದಂತೆ ಕಾಣುತ್ತವೆ. ಲೀಹೈ ಕಣಿವೆಯ ಕೋವಿಯಾದರೆ ಬೆನ್ನು ಮೆಲ್ಲಗೆ ಬಾಗಿರುತ್ತದೆ. ಒಂದರ ಬೆನ್ನು, ಇನ್ನೊಂದರ ಅಡಿ ಬೆರೆಸಿದರೆ ಎರಡೂ ಅಲ್ಲದ್ದು ಹುಟ್ಟುತ್ತದೆ. ನೇರ ಗೆರೆ ನಿಜಕ್ಕೂ ನೇರವಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ನೋಡಿ. ಕಣ್ಣಳತೆಯನ್ನು ಇಲ್ಲಿ ನಂಬಬೇಡಿ, ಮೇಪಲ್ ಮರದ ಅಡ್ಡಪಟ್ಟೆಗಳು ನೇರ ಗೆರೆಯನ್ನೂ ಅಲೆಯಂತೆ ತೋರಿಸುತ್ತವೆ.

ಹೆರೆಯುವ ತಗಡು, ಉಪ್ಪುಕಾಗದ

ಅಲೆಪಟ್ಟೆಯ ಮೇಪಲ್‌ನಲ್ಲಿ ನಾರು ಮೇಲ್ಮೈಗೆ ಒಮ್ಮೆ ಏಳುತ್ತ ಒಮ್ಮೆ ಮುಳುಗುತ್ತ ಹೋಗುತ್ತದೆ. ಕೀಸುಳಿ ಹಾಕಿದರೆ ಏಳುವ ನಾರು ಕಿತ್ತು ಬರುತ್ತದೆ. ಬೆರಳಿಗೆ ಸುತ್ತಿದ ಉಪ್ಪುಕಾಗದ ಮೆತ್ತನೆಯ ಪಟ್ಟೆಯನ್ನು ಹೆಚ್ಚು ತಿಂದು ಗಟ್ಟಿಯದನ್ನು ಬಿಡುತ್ತದೆ. ಬಣ್ಣ, ಎಣ್ಣೆ ಬಿದ್ದ ಮೇಲೆ ಅಂಥ ಮೇಲ್ಮೈ ತೊಳೆದ ಬಟ್ಟೆಯಂತೆ ಸುಕ್ಕುಸುಕ್ಕಾಗಿ ಕಾಣುತ್ತದೆ. ಹೀಗಾಗಿ ಈ ಮರಕ್ಕೆ ಹೆರೆಯುವ ಉಕ್ಕಿನ ತಗಡೇ ಸರಿ: 0.6ರಿಂದ 0.8 ಮಿಲಿಮೀಟರ್ ದಪ್ಪದ್ದು, ಅಂಚನ್ನು ಅರದಿಂದ ನೇರ ಮಾಡಿ, ಕಲ್ಲಿನ ಮೇಲೆ ತೀಡಿ, ಗಟ್ಟಿ ಉಕ್ಕಿನ ಸಲಾಕೆಯಿಂದ ಒತ್ತಿ ಸಣ್ಣ ಕೊಕ್ಕೆ ಎಬ್ಬಿಸಿದ್ದು. ಸರಿಯಾದ ಕೊಕ್ಕೆ ಇದ್ದರೆ ತೆಳ್ಳನೆಯ ಸುರುಳಿ ಬರುತ್ತದೆ. ಪುಡಿ ಬರುತ್ತಿದ್ದರೆ ತಗಡು ಮೊಂಡಾಗಿದೆ ಎಂದರ್ಥ, ಇನ್ನಷ್ಟು ಒತ್ತುವ ಬದಲು ಮತ್ತೆ ಮಸೆಯಿರಿ. ತಗಡನ್ನು ಪಟ್ಟೆಗಳಿಗೆ ಸಮಾನಾಂತರವಾಗಿ ಹಿಡಿಯದೆ ಓರೆಯಾಗಿ ನಡೆಸಿದರೆ ಅದು ಗಟ್ಟಿ ಮೆತ್ತನೆಯ ಮೇಲೆ ಕುಣಿಯುವುದಿಲ್ಲ.

ಮುಂಭಾಗದ ಉದ್ದನೆಯ ಮರಕ್ಕೆ ಉದ್ದ ಅರವೇ ಒಳ್ಳೆಯದು. ಚಿಕ್ಕ ಉಪಕರಣ ಗುಂಡಿಗಳನ್ನು ಹಿಂಬಾಲಿಸುತ್ತದೆ, ಉದ್ದನೆಯದು ಅವುಗಳ ಮೇಲೆ ಸೇತುವೆಯಾಗಿ ನಿಂತು ದಿಬ್ಬಗಳನ್ನು ಮಾತ್ರ ಕಡಿಯುತ್ತದೆ. ಉಪ್ಪುಕಾಗದ ಬಳಸಲೇಬೇಕಾದರೆ ಗಟ್ಟಿ ಮರದ ಅಥವಾ ದಪ್ಪ ಚರ್ಮದ ತುಂಡಿನ ಮೇಲೆ ಸುತ್ತಿ ಬಳಸಿ, 220ರ ದರ್ಜೆಯ ನಂತರ 320 (ಸಂಖ್ಯೆ ಹೆಚ್ಚಿದಷ್ಟೂ ನಯ). ಅದಕ್ಕಿಂತ ನಯ ಬೇಡ. ತೀರಾ ಹೊಳಪೇರಿದ ಮೇಪಲ್ ಬಣ್ಣವನ್ನು ಸಮನಾಗಿ ಕುಡಿಯುವುದಿಲ್ಲ.

ಪರೀಕ್ಷೆಗೆ ಕೋಣೆಯ ದೀಪಗಳನ್ನೆಲ್ಲ ಆರಿಸಿ, ಒಂದೇ ದೀಪವನ್ನು ಮರದ ಮಟ್ಟಕ್ಕೆ ತಗ್ಗಿಸಿ ಓರೆಬೆಳಕು ಬೀಳಿಸಿ. ಹಗಲಲ್ಲಿ ಕಾಣದ ಗುಂಡಿ, ಗೀರು, ಅರದ ಹಲ್ಲಿನ ಸಾಲು ಎಲ್ಲ ನೆರಳಾಗಿ ಎದ್ದು ನಿಲ್ಲುತ್ತವೆ. ಪೆನ್ಸಿಲಿನಿಂದ ಆ ಜಾಗಗಳ ಮೇಲೆ ಗೀಚಿ, ಗುರುತು ಹೋಗುವವರೆಗೆ ಹೆರೆಯಿರಿ. ಸ್ಟಾಕನ್ನು ತಿರುಗಿಸಿ ಎಲ್ಲ ಮುಖಗಳಿಗೂ ಇದೇ ಪರೀಕ್ಷೆ ಆಗಬೇಕು. ಬೇಸರದ ಕೆಲಸ ಹೌದು, ಆದರೆ ಒಳ್ಳೆಯ ಕೋವಿಯನ್ನೂ ಸಾಧಾರಣ ಕೋವಿಯನ್ನೂ ಬೇರೆ ಮಾಡುವುದು ಬಹುಮಟ್ಟಿಗೆ ಈ ಒಂದು ದೀಪವೇ.

ಉಬ್ಬುಕೆತ್ತನೆ ಇದ್ದರೆ ಅದೂ ಈಗಲೇ ಮುಗಿಯಬೇಕು. ಕೆನ್ನೆ ಒರಗುವ ಉಬ್ಬಿನ ಹಿಂದಿನ ಬಳ್ಳಿ ಸುರುಳಿಗಳ ಎತ್ತರ ಮುಕ್ಕಾಲು ಮಿಲಿಮೀಟರಿನಿಂದ ಒಂದರವರೆಗೆ ಇದ್ದರೆ ಸಾಕು. ಎತ್ತರ ಹೆಚ್ಚಿದಷ್ಟೂ ಚೆಂದ ಎಂದುಕೊಂಡವರ ಕೆತ್ತನೆ ಮರಕ್ಕೆ ಅಂಟಿಸಿದ ಹಾಗೆ ಕಾಣುತ್ತದೆ. ಹಿನ್ನೆಲೆಯನ್ನು ಸಮ ಮಾಡಲು ಹಳೆಯ ಗರಗಸದ ಅಲಗಿನಿಂದ ಬೇಕಾದ ಆಕಾರದ ಪುಟ್ಟ ತಗಡುಗಳನ್ನು ಮಸೆದುಕೊಳ್ಳಿ. ಕೆತ್ತನೆಯ ಅಂಚಿನ ಮೇಲೆ ಉಪ್ಪುಕಾಗದ ಹರಿಸಬೇಡಿ, ಉಳಿಯ ಚೂಪು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಹಿತ್ತಾಳೆ ಮತ್ತು ಮರ ಒಂದೇ ಮಟ್ಟಕ್ಕೆ

ಬಟ್‌ಪ್ಲೇಟ್, ಅಡಿಯ ಪಟ್ಟಿ, ಪ್ಯಾಚ್‌ಬಾಕ್ಸ್ (ಗುಂಡಿಗೆ ಸುತ್ತುವ ಬಟ್ಟೆ ಇಡಲು ಬುಡದಲ್ಲಿರುವ ಪೆಟ್ಟಿಗೆ), ಮರದ ಮುಂತುದಿಯ ಟೋಪಿ ಇವೆಲ್ಲವನ್ನೂ ಮರದ ಜೊತೆಗೇ, ಒಂದೇ ಅರದ ಓಟದಲ್ಲಿ ಸಮ ಮಾಡಬೇಕು. ಬಣ್ಣ ಹಚ್ಚಿದ ಮೇಲೆ ಹಿತ್ತಾಳೆಯನ್ನು ಅರೆಯಲು ಹೋದರೆ ಸುತ್ತಲಿನ ಬಣ್ಣ ಎದ್ದು ಬಿಳಿ ಅಂಚು ಮೂಡುತ್ತದೆ, ಅದನ್ನು ತಿದ್ದುವುದು ಬಹಳ ಕಷ್ಟ. ಅರವನ್ನು ಲೋಹದಿಂದ ಮರದ ಕಡೆಗೆ ನಡೆಸಿ, ಅರದ ಹಲ್ಲುಗಳಲ್ಲಿ ಸಿಕ್ಕಿದ ಹಿತ್ತಾಳೆ ಚೂರುಗಳನ್ನು ಆಗಾಗ ತಂತಿ ಬ್ರಷ್‌ನಿಂದ ತೆಗೆಯಿರಿ. ಸಿಕ್ಕಿಕೊಂಡ ಒಂದೇ ಚೂರು ಉದ್ದಕ್ಕೂ ಆಳದ ಗೀರು ಎಳೆಯುತ್ತದೆ. ಅರಕ್ಕೆ ಸೀಮೆಸುಣ್ಣ ಉಜ್ಜಿಕೊಂಡರೆ ಚೂರು ಕಚ್ಚುವುದು ಕಡಿಮೆ.

ಸ್ಕ್ರೂ ತಲೆಗಳನ್ನು ಅರೆಯುವಾಗ ಬಿದ್ದ ಉಕ್ಕಿನ ಪುಡಿಯ ಬಗ್ಗೆ ಎಚ್ಚರ. ಅದು ಮೇಪಲ್‌ನ ರಂಧ್ರಗಳಲ್ಲಿ ಕೂತು, ಮುಂದೆ ಮರ ಒದ್ದೆಯಾದಾಗ ನೀಲಿಗಪ್ಪು ಚುಕ್ಕೆಗಳಾಗಿ ಅರಳುತ್ತದೆ. ಆದ್ದರಿಂದ ಲೋಹ ಸಮ ಮಾಡಿದ ನಂತರ ಸುತ್ತಲಿನ ಮರವನ್ನು ಬ್ರಷ್‌ನಿಂದ ಉಜ್ಜಿ, ಕೊನೆಯ ಸಲ ತಗಡಿನಿಂದ ತೆಳ್ಳಗೆ ಹೆರೆದು ಮುಗಿಸಿ.

ಸ್ಕ್ರೂಗಳ ಸೀಳು ಕೋವಿಯ ಉದ್ದಕ್ಕೆ ಸಾಲಾಗಿ ನಿಲ್ಲಬೇಕು. ತಲೆಯನ್ನು ಸ್ವಲ್ಪ ಎತ್ತರವೇ ಬಿಟ್ಟು, ಬಿಗಿ ಮಾಡಿ, ಸೀಳು ಎಲ್ಲಿ ನಿಲ್ಲುತ್ತದೆ ನೋಡಿ, ತಲೆಯ ಅಡಿಯ ಇಳಿಜಾರನ್ನು ಕೂದಲಷ್ಟು ಅರೆದರೆ ಇನ್ನಷ್ಟು ತಿರುಗುತ್ತದೆ. ಸರಿಯಾದ ದಿಕ್ಕಿಗೆ ಬಂದ ಮೇಲೆ ತಲೆಯನ್ನು ಲೋಹದ ಮಟ್ಟಕ್ಕೆ ಇಳಿಸಿ. ಯಾವ ಸ್ಕ್ರೂ ಯಾವ ತೂತಿನದೆಂದು ಮರದ ಹಲಗೆಯ ಮೇಲೆ ಚುಚ್ಚಿಟ್ಟು ಗುರುತು ಬರೆಯಿರಿ. ಮೇಪಲ್ ಗಟ್ಟಿ ಮರ, ಒಣ ಸ್ಕ್ರೂವನ್ನು ಬಲದಿಂದ ತಿರುಗಿಸಿದರೆ ಕತ್ತು ಮುರಿದು ಒಳಗೇ ಉಳಿಯುತ್ತದೆ. ಎಳೆಗಳಿಗೆ ಜೇನುಮೇಣ ಸವರುವುದನ್ನು ಮರೆಯಬೇಡಿ.

ಇನ್ನೊಂದು, ಹೊರಗೆ ಕಾಣದ ಕೆಲಸ: ನಳಿಗೆಯನ್ನು ಮರಕ್ಕೆ ಹಿಡಿಯುವ ಪಿನ್ನುಗಳು ನಳಿಗೆಯ ಅಡಿಯ ಕಿವಿಗಳ ಮೂಲಕ ಹಾಯುತ್ತವೆ. ಆ ಕಿವಿಯ ತೂತನ್ನು ದುಂಡಗೆ ಬಿಡದೆ ನಳಿಗೆಯ ಉದ್ದಕ್ಕೆ ಎರಡೂ ಕಡೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗಿಸಬೇಕು. ಮರ ತೇವಕ್ಕೆ ಅಡ್ಡಲಾಗಿ ಹಿಗ್ಗುವಷ್ಟು ಉದ್ದಕ್ಕೆ ಹಿಗ್ಗುವುದಿಲ್ಲ ನಿಜ. ಆದರೆ 42 ಇಂಚು ಉದ್ದದ ನಳಿಗೆಯ ಜೊತೆ ಓಡುವ ಮರ ಸಾವಿರಕ್ಕೆ ಒಂದು ಪಾಲು ಬದಲಾದರೂ ಅದು ಒಂದು ಮಿಲಿಮೀಟರ್ ಆಯಿತು. ಪಿನ್ನಿಗೆ ಸರಿಯಲು ಜಾಗವಿಲ್ಲದಿದ್ದರೆ ತೆಳ್ಳನೆಯ ಮುಂಭಾಗ ಬಾಗುತ್ತದೆ, ಇಲ್ಲವೇ ಪಿನ್ನಿನ ಬಳಿ ಸೀಳುತ್ತದೆ. ಹಿಗ್ಗಿಸುವುದು ಉದ್ದಕ್ಕೆ ಮಾತ್ರ. ಮೇಲೆ ಕೆಳಗೆ ಸಡಿಲವಾದರೆ ನಳಿಗೆ ಕಾಲುವೆಯಲ್ಲಿ ಅಲುಗಾಡುತ್ತದೆ.

ರೋಮ ಎಬ್ಬಿಸುವುದು

ಎಲ್ಲ ಲೋಹವನ್ನೂ ಬಿಚ್ಚಿ ತೆಗೆದ ಮೇಲೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಇಡೀ ಸ್ಟಾಕನ್ನು ಒರೆಸಿ. ನೀರು ತಗುಲಿದ ತಕ್ಷಣ ಒತ್ತಿಹೋಗಿದ್ದ ನಾರುಗಳು ಎದ್ದು ನಿಲ್ಲುತ್ತವೆ. ಬಿಸಿಗಾಳಿಯಿಂದ ಒಣಗಿಸಿ, ಚೂಪಾದ ತಗಡಿನಿಂದ ಭಾರವಿಲ್ಲದೆ ಅಥವಾ 320ರ ಕಾಗದದಿಂದ ಹಗುರವಾಗಿ ಅವನ್ನು ಕತ್ತರಿಸಿ. ಮೂರು ಸಲ ಆಗುವಷ್ಟರಲ್ಲಿ ರೋಮ ಏಳುವುದು ನಿಲ್ಲುತ್ತದೆ. ಇದನ್ನು ಬಿಟ್ಟರೆ ನೀರಿನಂಶವಿರುವ ಬಣ್ಣವೇ ರೋಮ ಎಬ್ಬಿಸುತ್ತದೆ, ಆಗ ಉಜ್ಜಿದರೆ ಬಣ್ಣವೂ ಹೋಗುತ್ತದೆ. ಸಣ್ಣಪುಟ್ಟ ತಗ್ಗುಗಳಿಗೂ ಇದೇ ಮದ್ದು: ಒದ್ದೆ ಬಟ್ಟೆ ಇಟ್ಟು ಬಿಸಿ ಕಬ್ಬಿಣ ಮುಟ್ಟಿಸಿದರೆ ಜಜ್ಜಿದ ನಾರು ಆವಿಗೆ ಉಬ್ಬಿ ಮಟ್ಟಕ್ಕೆ ಬರುತ್ತದೆ. ನಾರು ಕತ್ತರಿಸಿಹೋಗಿದ್ದರೆ ಮಾತ್ರ ಉಬ್ಬುವುದಿಲ್ಲ.

ಕಬ್ಬಿಣದ ಬಣ್ಣ

ಹಳೆಯ ಮೇಪಲ್ ಕೋವಿಗಳ ಕೆಂಗಂದು ಬಣ್ಣಕ್ಕೆ ಬಳಸುವುದು ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ದ್ರಾವಣ, ಆಕ್ವಾ ಫೋರ್ಟಿಸ್ ಎನ್ನುತ್ತಾರೆ. ಅದನ್ನು ತಾವೇ ಕಾಯಿಸಿಕೊಳ್ಳಲು ಹೋಗುವುದು ವಿದ್ಯಾರ್ಥಿಗಳಿಗೆ ಬೇಡ. ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ತೀರಾ ಅಪಾಯ. ಸಿದ್ಧ ದ್ರಾವಣ ಸಿಗುತ್ತದೆ. ಫೆರಿಕ್ ನೈಟ್ರೇಟ್ ಹರಳುಗಳನ್ನು ಶುದ್ಧೀಕರಿಸಿದ ನೀರಲ್ಲಿ ಕರಗಿಸಿದರೂ ಅದೇ ಫಲ. ಒಂದು ಪಾಲು ಹರಳಿಗೆ ಸುಮಾರು ನಾಲ್ಕು ಪಾಲು ನೀರಿನಿಂದ ಶುರುಮಾಡಿ. ನೀರು ಹೆಚ್ಚಿದಷ್ಟೂ ಬಣ್ಣ ತಿಳಿ.

ಮೊದಲ ಹಚ್ಚುವಿಕೆ ಸ್ಟಾಕಿನ ಮೇಲೆ ಆಗಬಾರದು. ಅದೇ ಹಲಗೆಯಿಂದ ಉಳಿದ ತುಂಡನ್ನು ಸ್ಟಾಕಿನಂತೆಯೇ ಹೆರೆದು, ರೋಮ ತೆಗೆದು, ಬಣ್ಣದಿಂದ ಎಣ್ಣೆಯವರೆಗೆ ಎಲ್ಲ ಹಂತಗಳನ್ನೂ ಅದರ ಮೇಲೆ ನಡೆಸಿ. ಎಣ್ಣೆ ಬೀಳುವವರೆಗೆ ನಿಜವಾದ ಬಣ್ಣ ಗೊತ್ತಾಗುವುದಿಲ್ಲ. ಬೇರೆ ಮರದ ತುಂಡಿನ ಪರೀಕ್ಷೆ ಪ್ರಯೋಜನಕ್ಕೆ ಬಾರದು, ಒಂದು ಮೇಪಲ್ ಇನ್ನೊಂದರಂತೆ ಬಣ್ಣ ಹಿಡಿಯುವುದಿಲ್ಲ. ತುಂಡು ಮಂಕಾಗಿ ಬಂದರೆ ಟ್ಯಾನಿಕ್ ಆಮ್ಲದ ತಿಳಿ ದ್ರಾವಣವನ್ನು ಮೊದಲು ಹಚ್ಚಿ ಒಣಗಿಸಿ ಇನ್ನೊಂದು ತುಂಡಿನಲ್ಲಿ ನೋಡಿ. ಮೇಪಲ್‌ನಲ್ಲಿ ಟ್ಯಾನಿನ್ ಕಡಿಮೆ ಇರುವುದರಿಂದ ಅದು ಬಣ್ಣಕ್ಕೆ ಗಾಢತೆ ಕೊಡುತ್ತದೆ.

ಕೆಲಸ ಬಯಲಲ್ಲಿ, ಕೈಗವಸು ಕನ್ನಡಕ ಹಾಕಿಕೊಂಡು ನಡೆಯಲಿ. ಲೋಹದ ಪಟ್ಟಿಯಿಲ್ಲದ ಬ್ರಷ್‌ನಿಂದ ಇಡೀ ಸ್ಟಾಕಿಗೆ ಸಮನಾಗಿ ಹಚ್ಚಿ, ಎಲ್ಲೂ ನಿಂತು ಒಣಗಲು ಬಿಡಬೇಡಿ. ಅಡ್ಡನಾರು ತೆರೆದಿರುವ ಜಾಗಗಳು, ಅಂದರೆ ಬಟ್‌ಪ್ಲೇಟಿನ ಅಂಚು, ಮಣಿಕಟ್ಟಿನ ಹಿಂದೆ ಬೆನ್ನು ಶುರುವಾಗುವ ಮೂತಿ, ಹೆಚ್ಚು ಕುಡಿದು ಕಪ್ಪಾಗುತ್ತವೆ. ಅವನ್ನು ಮೊದಲೇ ನೀರಿಂದ ಸ್ವಲ್ಪ ಒದ್ದೆ ಮಾಡಿದರೆ ಹೀರುವುದು ಹದಕ್ಕೆ ಬರುತ್ತದೆ. ಮರ ಒಣಗಿದಾಗ ಕಾಣುವುದು ಹಸಿರುಮಿಶ್ರಿತ ಹಳದಿ ಬೂದು. ನೋಡಿ ಗಾಬರಿಯಾಗಬೇಡಿ, ಬಣ್ಣ ಹುಟ್ಟುವುದು ಶಾಖದಿಂದ.

ಬಿಸಿಗಾಳಿ ಯಂತ್ರವನ್ನು ಮರದಿಂದ ಎರಡು ಮೂರು ಇಂಚು ದೂರ ಹಿಡಿದು, ನಿಲ್ಲಿಸದೆ ಆಡಿಸುತ್ತ ಹೋಗಿ. ಕಣ್ಣೆದುರಿಗೇ ಬೂದು ಹೋಗಿ ಕೆಂಗಂದು ಏರುತ್ತದೆ. ಒಂದು ಜಾಗದಲ್ಲಿ ಇನ್ನು ಬದಲಾವಣೆ ಕಾಣದೆ ಹೋದಾಗ ಮುಂದಿನ ಜಾಗಕ್ಕೆ ಸರಿಯಿರಿ. ಕೊನೆಗೆ ಇಡೀ ಸ್ಟಾಕಿನ ಮೇಲೆ ಮತ್ತೊಮ್ಮೆ ಹಾಯಿಸಿ. ನಳಿಗೆಯ ಕಾಲುವೆಯ ತೆಳ್ಳನೆಯ ಅಂಚುಗಳೂ ಕೆತ್ತನೆಯ ತುದಿಗಳೂ ಬೇಗ ಸುಡುತ್ತವೆ, ಅಲ್ಲಿ ಕೈ ಚುರುಕಾಗಿರಲಿ. ಕಡಿಮೆ ಕಾಯಿಸಿದ ಮರದಲ್ಲಿ ಹಸಿರು ಛಾಯೆ ಉಳಿಯುತ್ತದೆ, ಎಣ್ಣೆ ಬಿದ್ದ ಮೇಲೆ ಅದು ಕೊಳಕಾಗಿ ಕಾಣುತ್ತದೆ. ವಿದ್ಯಾರ್ಥಿಗಳ ಕೋವಿಗಳಲ್ಲಿ ಕಾಣುವ ಮಂಕು ಬಣ್ಣಕ್ಕೆ ಹೆಚ್ಚಿನ ಸಲ ಕಾರಣ ದ್ರಾವಣವಲ್ಲ, ಸಾಲದ ಶಾಖ.

ಉಳಿದ ಆಮ್ಲವನ್ನು ತಣಿಸಬೇಕು. ಅರ್ಧ ಲೀಟರ್ ಬೆಚ್ಚನೆ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿ, ಸ್ಟಾಕಿಗೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ಶುದ್ಧ ನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಲಾಕಿನ ಗೂಡು, ನಳಿಗೆಯ ಕಾಲುವೆ ಒಳಗೂ ದ್ರಾವಣ ಹರಿದಿದ್ದರೆ ಅಲ್ಲೂ ಇದೇ ಆಗಬೇಕು. ಅಲ್ಲಿ ಉಳಿದ ಆಮ್ಲ ತಿಂಗಳುಗಟ್ಟಲೆ ಉಕ್ಕನ್ನು ತಿನ್ನುತ್ತದೆ. ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ.

ಒಣಗಿದ ಸ್ಟಾಕಿನಲ್ಲಿ ತಿಳಿ ಮಚ್ಚೆ ಕಂಡರೆ ಅಲ್ಲಿ ಅಂಟು ಬಿದ್ದಿತ್ತು, ಇಲ್ಲವೇ ಮರವನ್ನು ಹೊಳಪೇರುವಷ್ಟು ಉಜ್ಜಲಾಗಿತ್ತು. ಹೆರೆದು ಅಷ್ಟಕ್ಕೇ ಮತ್ತೆ ಹಚ್ಚಿ ಕಾಯಿಸಬಹುದು, ಅಂಚು ಸೇರಿಸಲು ತಾಳ್ಮೆ ಬೇಕು. ತೀರಾ ಕಪ್ಪಾಗಿದ್ದರೆ ನಾರಿನ ಪ್ಯಾಡ್‌ನಿಂದ ಎತ್ತರದ ಜಾಗಗಳನ್ನು ಮೆಲ್ಲಗೆ ಉಜ್ಜಿ: ಕೆತ್ತನೆಯ ಮೇಲ್ಭಾಗ, ಮಣಿಕಟ್ಟು, ಕೆನ್ನೆಯ ಉಬ್ಬು. ಕೈ ಸವೆಸುವ ಜಾಗಗಳೇ ಅವಾದ್ದರಿಂದ ಅಲ್ಲಿ ತಿಳಿಯಾದರೆ ಸಹಜವಾಗಿ ಒಪ್ಪುತ್ತದೆ. ಉಕ್ಕಿನ ಉಣ್ಣೆ ಬಳಸಬೇಡಿ, ಅದರ ಎಳೆಗಳು ಕೆತ್ತನೆಯಲ್ಲಿ ಸಿಕ್ಕಿ ತುಕ್ಕಿನ ಚುಕ್ಕೆಯಾಗುತ್ತವೆ.

ಎಣ್ಣೆ

ಕುದಿಸಿದ ಅಗಸೆ ಎಣ್ಣೆ ಎಂದು ಮಾರುವುದರಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರುತ್ತವೆ, ಅದು ಒಂದು ದಿನದಲ್ಲಿ ಗಟ್ಟಿಯಾಗುತ್ತದೆ. ಹಸಿ ಅಗಸೆ ಎಣ್ಣೆ ದಿನಗಟ್ಟಲೆ ಅಂಟಂಟು, ಅದನ್ನು ತರಬೇಡಿ. ಎಣ್ಣೆಗೆ ರಾಳ ಸೇರಿದ ವಾರ್ನಿಶ್ ಹದಿನೆಂಟನೇ ಶತಮಾನದ ರೂಢಿಗೂ ಹೊಂದುತ್ತದೆ, ತೇವವನ್ನೂ ಚೆನ್ನಾಗಿ ತಡೆಯುತ್ತದೆ.

ಮೊದಲು ಕಾಣದ ಜಾಗಗಳು: ಬಟ್‌ಪ್ಲೇಟಿನ ಅಡಿಯ ಅಡ್ಡನಾರು, ಲಾಕಿನ ಗೂಡು, ನಳಿಗೆಯ ಕಾಲುವೆ, ಪ್ಯಾಚ್‌ಬಾಕ್ಸಿನ ಕುಳಿ, ಗಜಕೋಲಿನ ತೂತು. ತೇವ ಮರದೊಳಗೆ ನುಗ್ಗುವುದು ಹೆಚ್ಚಾಗಿ ಇಲ್ಲಿಂದಲೇ. ಬಟ್‌ಪ್ಲೇಟಿನ ಅಡಿಗೆ ಮೂರು ಸಲವಾದರೂ ಹಚ್ಚಿ. ತೂತಿಗೆ ಉದ್ದ ಕಡ್ಡಿಯ ತುದಿಗೆ ಕಟ್ಟಿದ ಬಟ್ಟೆ ಸಾಕು. ಕಾಲುವೆ ಮತ್ತು ಗೂಡಿನಲ್ಲಿ ದಪ್ಪ ಪದರ ಬೇಡ, ನಳಿಗೆ ಕೂರುವುದು ಕೆಡುತ್ತದೆ.

ಹೊರಗಿನ ಮೊದಲ ಪದರವನ್ನು ಟರ್ಪೆಂಟೈನ್ ಜೊತೆ ಸಮಸಮ ಬೆರೆಸಿ ಧಾರಾಳವಾಗಿ ಹಚ್ಚಿ. ಒಣಗಿದಂತೆ ಕಾಣುವ ಜಾಗಕ್ಕೆ ಮತ್ತೆ ಹಚ್ಚುತ್ತ, ಕಾಲು ಗಂಟೆಯ ನಂತರ ಮೇಲೆ ಉಳಿದದ್ದನ್ನೆಲ್ಲ ಒರೆಸಿ. ಮರದ ಪಟ್ಟೆಗಳು ಬೆಳಕಿಗೆ ತಿರುಗಿಸಿದಂತೆ ಹೊರಳುವುದು ಮೊದಲ ಸಲ ಕಾಣುವುದು ಆಗಲೇ. ಅದರ ನಂತರದವು ಬೆರಳ ತುದಿಯಲ್ಲಿ ಹಿಡಿಯುವಷ್ಟೇ ಎಣ್ಣೆ, ಅಂಗೈಯಿಂದ ಬಿಸಿಯಾಗುವವರೆಗೆ ತಿಕ್ಕುವುದು, ಒಂದು ದಿನ ಬಿಡುವುದು. ನಾಲ್ಕರಿಂದ ಎಂಟು ಪದರ. ಪದರಗಳ ನಡುವೆ ನಾರಿನ ಪ್ಯಾಡ್‌ನಿಂದ ಹಗುರವಾಗಿ ಉಜ್ಜಿ ಧೂಳು ಒರೆಸಿ. ರಂಧ್ರ ಮುಚ್ಚಿ, ಮೇಲೆ ಗಾಜಿನ ಹಾಳೆಯಂತೆ ಕೂರುವ ಮೊದಲೇ ನಿಲ್ಲಿಸಬೇಕು. ಕನ್ನಡಿಯಂಥ ಹೊಳಪು ಈ ಕೋವಿಗೆ ಒಪ್ಪುವುದಿಲ್ಲ, ಕೆತ್ತನೆಯ ಅಂಚುಗಳೂ ಅದರಲ್ಲಿ ಮುಳುಗುತ್ತವೆ.

ಎರಡು ದಿನವಾದರೂ ಅಂಟು ಹೋಗದಿದ್ದರೆ ಪದರ ದಪ್ಪವಾಗಿದೆ, ಇಲ್ಲವೇ ಕೋಣೆ ತಣ್ಣಗಿದೆ. ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ತೆಗೆದು, ಬಿಸಿಲು ಬೀಳುವ ಜಾಗದಲ್ಲಿಟ್ಟು ತೆಳ್ಳಗೆ ಮತ್ತೆ ಹಚ್ಚಿ. ಅಂಟಿನ ಮೇಲೆ ಇನ್ನೊಂದು ಪದರ ಹಾಕಿದರೆ ಅಡಿಯದು ಎಂದೂ ಒಣಗದು.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಲೇಬೇಡಿ. ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಗೆ ಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಕೆಲಸದ ಕೋಣೆಗಳೇ ಸುಟ್ಟುಹೋಗುವುದು ಹೀಗೆ. ಹೊರಗೆ ತಂತಿಯ ಮೇಲೆ ಬಿಡಿಸಿ ಒಣಹಾಕಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ನಳಿಗೆಗೆ ಕಂದು ಬಣ್ಣ

ಮರದ ಎಣ್ಣೆ ಒಣಗುವ ದಿನಗಳಲ್ಲೇ ನಳಿಗೆಯ ಕೆಲಸ ಸಾಗಬಹುದು. ಯಂತ್ರದ ಗುರುತುಗಳನ್ನು ಅಡ್ಡ ಹಿಡಿದ ನಯವಾದ ಅರದಿಂದ ಉದ್ದಕ್ಕೆ ಎಳೆದು ತೆಗೆಯಿರಿ, ಎಂಟು ಮೂಲೆಗಳೂ ಚೂಪಾಗಿ ಉಳಿಯಬೇಕು. ನಂತರ ಮರದ ತುಂಡಿಗೆ ಸುತ್ತಿದ 220, 320ರ ಎಮರಿ ಕಾಗದ. ಬಟ್ಟೆಗೆ ಸುತ್ತಿ ಉಜ್ಜಿದರೆ ಮೂಲೆಗಳು ದುಂಡಗಾಗುತ್ತವೆ.

ಕಟ್ಟಿದವರ ಹೆಸರು ನಳಿಗೆಯ ಮೇಲ್ಮುಖದಲ್ಲಿ ಕೊರೆಯುವುದು ಈಗ, ಕಂದು ಬಣ್ಣಕ್ಕೆ ಮೊದಲು. ಹೆಸರಿನ ಜೊತೆ ಇಸವಿಯನ್ನೂ ಹಾಕಲೇಬೇಕು. ಚೆನ್ನಾಗಿ ಕಟ್ಟಿ ಹಳೆಯದರಂತೆ ಮಾಡಿದ ಹೆಸರಿಲ್ಲದ ಕೋವಿ ಕೈಬದಲಾಗುತ್ತ ಎಂದೋ ಒಂದು ದಿನ ಪುರಾತನ ವಸ್ತುವೆಂದು ಮಾರಾಟವಾಗುತ್ತದೆ, ಹಳೆಯ ಕಮ್ಮಾರರ ಬಗ್ಗೆ ತಿಳಿಯಲು ಹೊರಟವರಿಗೆ ಸುಳ್ಳು ಸಾಕ್ಷಿಯಾಗುತ್ತದೆ.

ಹದಿನೆಂಟನೇ ಶತಮಾನದ ಮಾದರಿ ಕಟ್ಟುವವರು ನಳಿಗೆಯನ್ನು ಬಣ್ಣ ಹಾಕದೆ, ಉಕ್ಕಿನ ಬಿಳುಪಿನಲ್ಲೇ ಬಿಡಬಹುದು. ಕಂದು ಮಾಡುವುದಾದರೆ ಕ್ರಮ ಹೀಗೆ. ಬಾಯಿಗೆ ಬಿಗಿಯಾದ ಮರದ ಬೆಣೆ, ಕಿಡಿರಂಧ್ರಕ್ಕೆ ಕಡ್ಡಿ ಹಾಕಿ ಮುಚ್ಚಿ. ಬೆಣೆಯೇ ಹಿಡಿಕೆಯೂ ಆಗುತ್ತದೆ. ಎಣ್ಣೆಯಂಶ ಪೂರ್ತಿ ಹೋಗುವಂತೆ ಸಾಬೂನಿನಿಂದ ತೊಳೆದು, ಅಸಿಟೋನ್‌ನಿಂದ ಒರೆಸಿ, ಅಲ್ಲಿಂದ ಮುಂದೆ ಬರಿಗೈ ಮುಟ್ಟಿಸಬೇಡಿ. ಕಂದುಗೊಳಿಸುವ ದ್ರಾವಣದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಂದು ಮುಖಕ್ಕೆ ಒಂದೇ ಉದ್ದನೆಯ ಎಳೆತ. ಅದೇ ಜಾಗದಲ್ಲಿ ಹಿಂದೆ ಮುಂದೆ ಉಜ್ಜಿದರೆ ತಾಮ್ರಬಣ್ಣದ ಮಚ್ಚೆ ಬರುತ್ತದೆ. ಅಡಿಯಲ್ಲಿ ಬಿಸಿನೀರಿನ ಪಾತ್ರೆಯಿರುವ ಉದ್ದ ಪೆಟ್ಟಿಗೆಯಲ್ಲಿ ತೂಗುಹಾಕಿ, ನೀರ ಹನಿ ನಳಿಗೆಗೆ ತಾಗದಿರಲಿ. ಕೆಲವು ಗಂಟೆಗಳಲ್ಲಿ ನುಣ್ಣನೆಯ ಸಮನಾದ ತುಕ್ಕು ಏಳುತ್ತದೆ. ಒರಟು ಬಟ್ಟೆಯಿಂದ ಸಡಿಲ ತುಕ್ಕನ್ನು ಉಜ್ಜಿ ತೆಗೆದು ಮತ್ತೆ ಹಚ್ಚಿ. ನಾಲ್ಕೈದು ಸುತ್ತಿಗೆ ಗಾಢ ಕಂದು ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ಮರೆತು ಬಿಟ್ಟರೆ ತುಕ್ಕು ಗುಳಿ ಬೀಳಿಸುತ್ತದೆ, ಅದಕ್ಕೆ ಮತ್ತೆ ಅರವೇ ಗತಿ. ಕೊನೆಗೆ ಅಡುಗೆ ಸೋಡಾದ ದ್ರಾವಣದಿಂದ ತೊಳೆದು, ಬಿಸಿನೀರು ಸುರಿದು, ನಳಿಗೆ ಬಿಸಿಯಿರುವಾಗಲೇ ಎಣ್ಣೆ ಹಚ್ಚಿ. ಒಂದೆರಡು ದಿನ ತುಕ್ಕು ಮತ್ತೆ ಮತ್ತೆ ಇಣುಕುತ್ತದೆ, ಎಣ್ಣೆ ಒರೆಸುತ್ತಿರಿ. ಬೆಣೆ ತೆಗೆದ ಕೂಡಲೇ ಒಳಕೊಳವೆಯನ್ನೂ ತೊಳೆದು ಒಣಗಿಸಿ ಎಣ್ಣೆ ಹಾಯಿಸಬೇಕು.

ಹಿತ್ತಾಳೆಗೆ 400ರವರೆಗೆ ಉದ್ದಕ್ಕೆ ಉಜ್ಜಿದರೆ ಸಾಕು. ತಿರುಗುವ ಬಟ್ಟೆಯ ಚಕ್ರಕ್ಕೆ ಕೊಟ್ಟರೆ ಅಂಚುಗಳು ಕರಗಿ ಸ್ಕ್ರೂ ತೂತುಗಳು ತಟ್ಟೆಯಂತೆ ಅಗಲವಾಗುತ್ತವೆ. ಲಾಕಿನ ಹೊರಗಿನ ತಗಡಿಗೆ ಮಾತ್ರ ನಯ ಕೆಲಸ. ಒಳಗಿನ ಹಲ್ಲುಗಳಿಗೂ ಚಕಮಕಿ ಬಡಿಯುವ ಗಟ್ಟಿ ಮುಖಕ್ಕೂ ಅರ ಕಾಗದ ಮುಟ್ಟಿಸಬೇಡಿ.

ಮತ್ತೆ ಜೋಡಿಸುವುದು

ಕೊನೆಯ ಎಣ್ಣೆಯ ನಂತರ ಒಂದು ವಾರವಾದರೂ ಬಿಟ್ಟು ಜೋಡಿಸಿ. ನಳಿಗೆಯ ಅಡಿಗೆ, ಬಟ್‌ಪ್ಲೇಟಿನ ಒಳಮುಖಕ್ಕೆ ಮೇಣ ತೆಳ್ಳಗೆ ಸವರಿರಬೇಕು. ನಳಿಗೆ, ಟ್ಯಾಂಗ್ ಸ್ಕ್ರೂ (ನಳಿಗೆಯ ಹಿಂದಿನ ಬಾಲವನ್ನು ಮರಕ್ಕೆ ಬಿಗಿಯುವುದು), ಪಿನ್ನುಗಳು, ಆಮೇಲೆ ಲಾಕ್, ಕೊನೆಗೆ ಹಿತ್ತಾಳೆ ಸಾಮಾನು. ಪಿನ್ನುಗಳ ತುದಿ ದುಂಡಗಿರಲಿ, ಬಂದ ಬದಿಯಿಂದಲೇ ಹಾಕಿ. ಚೂಪು ತುದಿ ಎದುರು ಬದಿಯ ಮರದ ಚಕ್ಕೆ ಎಬ್ಬಿಸುತ್ತದೆ.

ನೀರು, ಎಣ್ಣೆ ಕಂಡ ಮರ ಸ್ವಲ್ಪ ಉಬ್ಬಿರುತ್ತದೆ. ಲಾಕ್ ಮೊದಲಿನಂತೆ ಇಳಿಯದಿದ್ದರೆ ಸುತ್ತಿಗೆ ಎತ್ತಬೇಡಿ. ತಗಡಿನ ಅಂಚಿಗೆ ಮಸಿ ಸವರಿ, ಕೂರಿಸಿ, ತೆಗೆದು, ಮಸಿ ಹತ್ತಿದಲ್ಲಿ ಮಾತ್ರ ಹೆರೆಯಿರಿ. ಹೆರೆದ ಜಾಗಕ್ಕೆ ಎಣ್ಣೆ ಮುಟ್ಟಿಸಿ. ಲಾಕಿನ ಸ್ಕ್ರೂಗಳನ್ನು ಹಿತವಾಗಿ ಬಿಗಿದರೆ ಸಾಕು, ಬಲವಾಗಿ ಬಿಗಿದರೆ ತಗಡು ಬಾಗಿ ಒಳಗಿನ ಭಾಗಗಳು ಮರಕ್ಕೆ ಉಜ್ಜುತ್ತವೆ. ಲಾಕ್ ಹೊರಗಿದ್ದಾಗ ಸಲೀಸಾಗಿ ಆಡಿ ಮರದೊಳಗೆ ಮಂದವಾದರೆ ಕಾರಣ ಇದೇ. ಇದನ್ನು ಸಣ್ಣದೆಂದು ಬಿಡಬಾರದು, ಕುದುರೆ (ಚಕಮಕಿ ಕಲ್ಲನ್ನು ಹಿಡಿದು ಬಡಿಯುವ ಲಾಕಿನ ಭಾಗ) ಅರ್ಧ ಎತ್ತರದಲ್ಲೂ ಪೂರ್ತಿ ಎತ್ತರದಲ್ಲೂ ಗಟ್ಟಿಯಾಗಿ ನಿಲ್ಲದ ಕೋವಿ ಅಪಾಯಕಾರಿ. ಚಕಮಕಿ ಕಲ್ಲಿನ ಬದಲು ಮರದ ತುಂಡು ಸಿಕ್ಕಿಸಿ, ಖಾಲಿ ಕೋವಿಯಲ್ಲೇ ಇದನ್ನು ಪರೀಕ್ಷಿಸಿ.

ಮೊದಲ ಈಡಿಗೆ ಮುಂಚೆ ಗುರು ಇಡೀ ಕೋವಿಯನ್ನು ಬಿಚ್ಚಿ ನೋಡಬೇಕು, ಮೊದಲ ಪರೀಕ್ಷೆಯೂ ಅವರ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಇದಕ್ಕೆ ಕರಿಮದ್ದು ಅಥವಾ ಅದರ ಬದಲಿಗೆಂದೇ ತಯಾರಾದ ಮದ್ದು ಮಾತ್ರ. ಆಧುನಿಕ ಹೊಗೆರಹಿತ ಮದ್ದು ಚಿಟಿಕೆಯಷ್ಟೂ ಕೂಡದು, ಅದರ ಒತ್ತಡಕ್ಕೆ ನಳಿಗೆ ಸಿಡಿಯುತ್ತದೆ.

ಋತು ಬದಲಾದಾಗ ಒಮ್ಮೆ ಬಟ್‌ಪ್ಲೇಟಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಒಣಹವೆಯಲ್ಲಿ ಮರ ಕುಗ್ಗಿ ಹಿತ್ತಾಳೆ ಕೂದಲೆಳೆಯಷ್ಟು ಹೊರಗೆ ಬಂದಿರುತ್ತದೆ. ಅರೆಯಬೇಡಿ, ಮಳೆಗಾಲದಲ್ಲಿ ಮರ ಹಿಂದಿರುಗುತ್ತದೆ, ಆಗ ಅರೆದದ್ದು ತಗ್ಗಾಗಿ ಉಳಿಯುತ್ತದೆ. ಪಿನ್ನುಗಳನ್ನು ಪದೇ ಪದೇ ಬಿಚ್ಚುವುದೂ ಬೇಡ, ವರ್ಷಕ್ಕೊಮ್ಮೆ ನಳಿಗೆ ಎತ್ತಿ ಅಡಿಯ ಮೇಣ ಹೊಸದು ಮಾಡಿದರೆ ಸಾಕು. ಮೊದಲ ವರ್ಷ ಎರಡು ಮೂರು ಸಲ ತೆಳ್ಳಗೆ ಎಣ್ಣೆ ತಿಕ್ಕಿ, ಆಮೇಲೆ ಮಣಿಕಟ್ಟು ಮಂಕಾದಾಗ ಮಾತ್ರ.